ಎಸ್ತೋನಿಯಾ: ಪುಟ್ಟ ನಾಡು, ಎರಡು ಬಾಗಿಲು

ಈಚಿನ ಕೆಲವು ವರ್ಷಗಳಿಂದ ಸದ್ಭಕ್ತರ ಮನೆಗಳಲ್ಲಿ ನಮಗೆ ಎದುರಾಗುತ್ತಿರುವ ಪ್ರಶ್ನೆಯೊಂದಿದೆ. ಹಿಂದೆ ನಮ್ಮ ಮಕ್ಕಳು ಪರದೇಶಕ್ಕೆ ಹೋಗುತ್ತಿದ್ದ ದಾರಿಗಳು ಎರಡೇ: ಒಂದು ವಿದ್ಯಾಭ್ಯಾಸ, ಇನ್ನೊಂದು ಕಂಪನಿಯ ನೌಕರಿ. ಈಗ ಮೂರನೆಯ ವರ್ಗವೊಂದು ಹುಟ್ಟಿಕೊಂಡಿದೆ. ಇವರು ಯಾರ ಆಳೂ ಅಲ್ಲ. ಮನೆಯ ಒಂದು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಇಂಟರ್‌ನೆಟ್ಟಿನ ಮೂಲಕ ಏಳು ಕಡಲಾಚೆಯ ಗಿರಾಕಿಗಳಿಗೆ ಕೆಲಸ ಮಾಡಿಕೊಡುವ ಸ್ವಂತ ಕಾಯಕದವರು. "ನಮ್ಮ ಕೆಲಸಕ್ಕೆ ಊರಿನ ಹಂಗಿಲ್ಲ, ಹಾಗಿದ್ದ ಮೇಲೆ ಬೇರೊಂದು ದೇಶದಲ್ಲಿ ನೆಲೆಸಿ ಇದೇ ಕೆಲಸ ಮಾಡಬಾರದೇಕೆ?" ಎಂದು ಅವರು ಕೇಳುತ್ತಾರೆ. ಯಾವ ಕಾಗದದ ಮೇಲೆ ಹೋಗುತ್ತಾನೆ, ಎಷ್ಟು ದಿನ ಇರಬಹುದು, ಆಮೇಲೇನು ಎಂಬುದು ತಂದೆತಾಯಿಗಳ ಚಿಂತೆ. 2025ರ ಜೂನ್ ತಿಂಗಳ ಉತ್ತರಾರ್ಧದಲ್ಲಿ ನಾವು ಎಸ್ತೋನಿಯಾ ದೇಶದ ರಾಜಧಾನಿ ತಾಲಿನ್‌ನಲ್ಲಿ ಹತ್ತು ದಿನ ತಂಗಿದ್ದೆವು. ಇಂತಹ ಸ್ವತಂತ್ರ ಉದ್ಯೋಗಿಗಳಿಗೆಂದೇ ಪ್ರತ್ಯೇಕ ವೀಸಾ ಏರ್ಪಡಿಸಿದ ಮೊದಲ ಕೆಲವು ದೇಶಗಳಲ್ಲಿ ಅದೂ ಒಂದು. ಕಂಡುದನ್ನೂ ಕೇಳಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತೇವೆ.

ಭಾರತದಿಂದ ತಾಲಿನ್‌ಗೆ ನೇರ ವಿಮಾನವಿಲ್ಲ. ನಾವು ದೆಹಲಿಯಿಂದ ಫಿನ್ಲೆಂಡಿನ ಹೆಲ್ಸಿಂಕಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿದೆವು. ನಡುವಿನ ಕೊಲ್ಲಿ ಸುಮಾರು 80 ಕಿಲೋಮೀಟರು. ಎರಡು ಗಂಟೆಯ ಪ್ರಯಾಣ. ಹಡಗು ದಡ ಸಮೀಪಿಸುತ್ತಿದ್ದಂತೆ ಮೊದಲು ಕಾಣುವುದು ಓಲೆವಿಸ್ತೆ ಚರ್ಚಿನ ಶಿಖರ. ಅದರ ಎತ್ತರ ಸುಮಾರು 124 ಮೀಟರು. ಅದರ ಹಿಂದೆ ಕೋಟೆಯ ಗೋಡೆ, ಕೆಂಪು ಹಂಚಿನ ಮಾಡುಗಳು, ಬುರುಜುಗಳು, ಬಲಕ್ಕೆ ತೂಂಪೆಯಾ ಗುಡ್ಡ. ಗುಡ್ಡವೆಂದು ಹೆಸರಿಗೆ, ಈ ನಾಡಿನಲ್ಲಿ ಬೆಟ್ಟಗಳೇ ಇಲ್ಲ. ಇಡೀ ದೇಶದ ಅತ್ಯುನ್ನತ ಶಿಖರ 318 ಮೀಟರು ಮಾತ್ರ. ವಿಸ್ತೀರ್ಣ ಸುಮಾರು 45,000 ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ಕಡಿಮೆ. ಜನಸಂಖ್ಯೆ ಹದಿನಾಲ್ಕು ಲಕ್ಷವನ್ನೂ ಮುಟ್ಟಿಲ್ಲ. 2011ರ ಗಣತಿಯಂತೆ ನಮ್ಮ ಧಾರವಾಡ ಜಿಲ್ಲೆಯೊಂದರಲ್ಲೇ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಇಷ್ಟು ಚಿಕ್ಕ ನಾಡು ಪರದೇಶದವರನ್ನು ಕೈಬೀಸಿ ಕರೆಯುವುದೇಕೆಂಬುದಕ್ಕೆ ಅರ್ಧ ಉತ್ತರ ಈ ಅಂಕಿಯಲ್ಲಿಯೇ ಅಡಗಿದೆ.

ತಾಲಿನ್ ಎಂಬ ಹೆಸರು 'ಡೇನರ ಪಟ್ಟಣ' ಎಂಬ ಅರ್ಥದ ಮಾತಿನಿಂದ ಬಂದುದೆಂದು ಹೇಳುತ್ತಾರೆ. ಡೆನ್ಮಾರ್ಕಿನ ದೊರೆ 1219ರಲ್ಲಿ ಇದನ್ನು ಗೆದ್ದನು. ಅನಂತರ ಜರ್ಮನ್ ಸರದಾರರು, ಸ್ವೀಡನ್ನಿನವರು, ರಷ್ಯದ ಝಾರರು ಒಬ್ಬರ ಹಿಂದೊಬ್ಬರು ಆಳಿದರು. ಹಳೆಯ ಪಟ್ಟಣ ಇಂದಿಗೂ ಮಧ್ಯಯುಗದ ರೂಪದಲ್ಲಿಯೇ ಉಳಿದಿದ್ದು 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪುರಭವನದ ಚೌಕದಲ್ಲಿ 1422ಕ್ಕಿಂತಲೂ ಹಿಂದಿನಿಂದ ನಡೆದುಬಂದಿರುವ ಔಷಧದ ಅಂಗಡಿಯೊಂದಿದೆ. ನಾವು ಒಳಗೆ ಹೋಗಿ ಕೆಮ್ಮಿಗೆ ಗುಳಿಗೆ ಕೇಳಿದೆವು, ಕೊಟ್ಟರು. ಆರು ಶತಮಾನ ಹಳೆಯ ಅಂಗಡಿಯಾದರೂ ನೋಟು ನಾಣ್ಯ ತೆಗೆಯುವ ಗ್ರಾಹಕರಾರೂ ನಮಗೆ ಕಾಣಲಿಲ್ಲ. ಎಲ್ಲರೂ ಕಾರ್ಡು ತೋರಿಸಿ ಹೋಗುವವರೇ.

ವ್ಯಾಕರಣ ಓದಿ ಬೆಳೆದ ನಮಗೆ ಈ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟುದು ಅವರ ಭಾಷೆ. ಅದು ಇಂಗ್ಲಿಷ್, ಜರ್ಮನ್, ರಷ್ಯನ್‌ಗಳ ಕುಲಕ್ಕೆ ಸೇರಿದುದಲ್ಲ. ಫಿನ್ನಿಷ್ ಭಾಷೆಯ ಸೋದರಿ. ನಮ್ಮ ಕನ್ನಡದಂತೆಯೇ ಪದದ ಕೊನೆಗೆ ಪ್ರತ್ಯಯ ಹತ್ತಿಸಿ ಅರ್ಥ ಹೊಂದಿಸುವ ಭಾಷೆ. 'ಮಯ' ಎಂದರೆ ಮನೆ, 'ಮಯಸ್' ಎಂದರೆ ಮನೆಯಲ್ಲಿ, 'ಮಯಸ್ತ್' ಎಂದರೆ ಮನೆಯಿಂದ. ನಮಗೆ ಏಳು ವಿಭಕ್ತಿಗಳಾದರೆ ಅವರಿಗೆ ಹದಿನಾಲ್ಕು! ಇನ್ನೂ ಒಂದು ವಿಶೇಷ: ನಮ್ಮ ಶಾಸ್ತ್ರಗಳು ಹ್ರಸ್ವ, ದೀರ್ಘ, ಪ್ಲುತವೆಂದು ಮೂರು ಮಾತ್ರಾಭೇದ ಹೇಳಿದರೂ ನಾವು ಪ್ಲುತವನ್ನು ಕೂಗಿ ಕರೆಯುವಾಗಲೋ ಹಾಡುವಾಗಲೋ ಮಾತ್ರ ಬಳಸುತ್ತೇವೆ. ಎಸ್ತೋನಿಯನ್ನರಾದರೋ ಮೂರನ್ನೂ ದಿನದ ಮಾತಿನಲ್ಲಿ ಬಳಸಿ, ಆ ಭೇದದಿಂದಲೇ ಅರ್ಥ ಬೇರೆ ಮಾಡುತ್ತಾರೆ. 'ಲಿನ' ಎಂದರೆ ಅಗಸೆ ನಾರಿನ ಬಟ್ಟೆ. 'ಲಿನ್ನ' ಎಂದರೆ ಪಟ್ಟಣದ. ಅದನ್ನೇ ಇನ್ನಷ್ಟು ಎಳೆದು ನುಡಿದರೆ ಪಟ್ಟಣಕ್ಕೆ. ಈ ನಾಡಿನ ತಾರ್ತು ವಿಶ್ವವಿದ್ಯಾಲಯ 1632ರಲ್ಲಿ ಸ್ಥಾಪಿತವಾದುದು. ಮೈತ್ರಾಯಣೀ ಸಂಹಿತೆಯನ್ನು ಸಂಪಾದಿಸಿದ ಲಿಯೊಪೋಲ್ಡ್ ಫಾನ್ ಶ್ರೋಡರ್ ಎಂಬ ವಿದ್ವಾಂಸರು ಆ ಊರಲ್ಲೇ ಹುಟ್ಟಿ ಅಲ್ಲಿಯೇ ಪಾಠ ಹೇಳಿದವರು. ಕೃಷ್ಣಯಜುರ್ವೇದದ ಒಂದು ಶಾಖೆ ಬಾಲ್ಟಿಕ್ ತೀರದಲ್ಲಿ ಅಭ್ಯಾಸದ ವಿಷಯವಾಗಿತ್ತೆಂಬುದನ್ನು ನೆನೆದರೆ ಬೆರಗಾಗುತ್ತದೆ. ಇರಲಿ, ನಾವು ಹೊರಟ ವಿಷಯಕ್ಕೆ ಬರೋಣ.

ನಾವು ಇಳಿದುಕೊಂಡುದು ಗದಗ ಸೀಮೆಯ, ನಮಗೆ ಮೂರು ತಲೆಮಾರಿನಿಂದ ಪರಿಚಿತವಾದ ಮನೆತನದ ಯುವಕನ ಬಾಡಿಗೆ ಮನೆಯಲ್ಲಿ. ತಂದೆ ತೀರಿಕೊಂಡಿದ್ದಾರೆ, ಊರಲ್ಲಿ ತಾಯಿಯೊಬ್ಬರೇ. ಈತ ಅಂಗಡಿಗಳ ಲೆಕ್ಕಪತ್ರಕ್ಕೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುತ್ತಾನೆ. ಗಿರಾಕಿಗಳು ಜರ್ಮನಿ ಮತ್ತು ಆಸ್ಟ್ರೇಲಿಯದಲ್ಲಿದ್ದಾರೆ. ಮನೆ ಇದ್ದುದು ಕಲಮಯ ಎಂಬ ಬಡಾವಣೆಯಲ್ಲಿ. 'ಕಲ' ಎಂದರೆ ಮೀನು. ಹಿಂದೆ ಬೆಸ್ತರ ಕೇರಿಯಾಗಿದ್ದ ಸ್ಥಳ. ಬಣ್ಣ ಬಳಿದ ಮರದ ಮನೆಗಳ ಸಾಲು. ಸಮೀಪದಲ್ಲಿಯೇ ತೆಲ್ಲಿಸ್ಕಿವಿ ಎಂಬ ಹಳೆಯ ರೈಲ್ವೆ ಕಾರ್ಖಾನೆಯ ಆವರಣವಿದ್ದು, ಅಲ್ಲಿನ ಶೆಡ್ಡುಗಳೆಲ್ಲ ಈಗ ಕಚೇರಿಗಳೂ ಉಪಾಹಾರ ಗೃಹಗಳೂ ಆಗಿವೆ. ತಿಂಗಳ ಬಾಡಿಗೆಗೆ ಒಂದು ಮೇಜನ್ನಷ್ಟೇ ಪಡೆದು ನಾನಾ ದೇಶದ ಯುವಕ ಯುವತಿಯರು ಅಲ್ಲಿ ಕೆಲಸ ಮಾಡುತ್ತಾರೆ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಎರಡೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಮೂರೂವರೆ. ಆದುದರಿಂದ ಊರಿನ ತಾಯಿಯೊಡನೆ ಮಾತಾಡಲು ನಡುರಾತ್ರಿ ಏಳಬೇಕಾಗಿಲ್ಲ.

ಆಹಾರದ ವಿಷಯದಲ್ಲಿ ನಮಗೆ ಅಳುಕಿತ್ತು. ಅಲ್ಲಿನ ಮುಖ್ಯಾಹಾರ ರೈ ಎಂಬ ಧಾನ್ಯದ ಕಪ್ಪು, ಹುಳಿ ರೊಟ್ಟಿ. ಅದನ್ನು ಅವರು ಬಹು ಗೌರವದಿಂದ ಕಾಣುತ್ತಾರೆ. ಉಣ್ಣುತ್ತಿರುವವರನ್ನು ಕಂಡರೆ 'ನಿನ್ನ ರೊಟ್ಟಿ ತೀರದಿರಲಿ' ಎಂಬರ್ಥದ ಹಾರೈಕೆಯ ಮಾತು ಆಡುತ್ತಾರೆ. ಜವೆ, ರೈ, ಓಟ್ಸ್, ಬಟಾಣಿಗಳನ್ನು ಹುರಿದು ಬೀಸಿದ 'ಕಾಮ' ಎಂಬ ಹಿಟ್ಟು ಅಂಗಡಿಗಳಲ್ಲಿ ಸಿಗುತ್ತದೆ. ಮಜ್ಜಿಗೆಯಲ್ಲಿ ಕಲಸಿ ತಿನ್ನುವುದು ವಾಡಿಕೆ. ನಮ್ಮ ಹುರಿಹಿಟ್ಟಿನ ನೆನಪಾಗಿ ನಾವು ಹತ್ತು ದಿನವೂ ಬೆಳಗಿನ ಪ್ರಸಾದಕ್ಕೆ ಅದನ್ನೇ ಸ್ವೀಕರಿಸಿದೆವು.

ಮೂರನೆಯ ದಿನ ಊರಿನಿಂದ ಯುವಕನಿಗೆ ದೂರವಾಣಿ ಕರೆ ಬಂದಿತು. ಅವರ ನೆಂಟರ ಹುಡುಗನೊಬ್ಬ ವೆಬ್‌ಸೈಟ್ ತಯಾರಿಸುವ ಕೆಲಸ ಮಾಡುತ್ತಾನೆ. ಅವನಿಗೆ ದಲ್ಲಾಳಿಯೊಬ್ಬ, "ಎಸ್ತೋನಿಯಾದ ಇ-ರೆಸಿಡೆನ್ಸಿ ಕಾರ್ಡು ಮಾಡಿಸಿಕೊಡುತ್ತೇನೆ, ರೆಸಿಡೆನ್ಸಿ ಎಂದರೇ ವಾಸದ ಹಕ್ಕು, ಯುರೋಪಿನಲ್ಲೆಲ್ಲ ಇರಬಹುದು" ಎಂದು ಹೇಳಿ ದೊಡ್ಡ ಮೊತ್ತ ಕೇಳಿದ್ದನಂತೆ. ಹುಡುಗನ ತಂದೆ ಹೊಲವೊಂದನ್ನು ಮಾರಲು ಮಾತು ನಡೆಸಿದ್ದರು. ನಾವು ಅಲ್ಲಿರುವುದು ತಿಳಿದು ಫೋನು ನಮ್ಮ ಕೈಗೆ ಬಂತು. "ಗುರುಗಳ, ಈ ಕಾರ್ಡ್ ತಗೊಂಡ್ರ ಅಲ್ಲೇ ಇರಬಹುದೋ ಇಲ್ಲೋ, ಅಷ್ಟ ಹೇಳ್ರಿ. ನಾಳೆ ಸಂಚಕಾರ ಇಸ್ಕೊಬೇಕ್ರಿ," ಎಂದರು ಆ ಹಿರಿಯರು. ಇರಲು ಬರುವುದಿಲ್ಲ, ಸಂಚಕಾರ ಮುಟ್ಟಬೇಡಿ ಎಂದು ನಾವು ಸ್ಪಷ್ಟವಾಗಿ ಹೇಳಿದೆವು. ಅದರ ಕಾರಣವನ್ನು ವಾಚಕರೂ ತಿಳಿಯಬೇಕು.

ಎಸ್ತೋನಿಯಾ 1918ರಲ್ಲಿ ಸ್ವತಂತ್ರವಾಯಿತು. 1940ರಲ್ಲಿ ಸೋವಿಯತ್ ಸೈನ್ಯ ಬಂದಿತು, ನಡುವೆ ಮೂರು ವರ್ಷ ಜರ್ಮನರು, ಮತ್ತೆ ಸೋವಿಯತ್ ಆಳ್ವಿಕೆ. 1949ರ ಮಾರ್ಚ್ ತಿಂಗಳ ಕೆಲವೇ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು, ಬಹುಪಾಲು ಹೆಂಗಸರು ಮಕ್ಕಳನ್ನು, ರೈಲಿನಲ್ಲಿ ತುಂಬಿ ಸೈಬೀರಿಯಕ್ಕೆ ಸಾಗಿಸಿದರು. 1991ರಲ್ಲಿ ಬಿಡುಗಡೆಯಾದಾಗ ಬೊಕ್ಕಸ ಬರಿದಾಗಿತ್ತು, ಜನ ಕಡಿಮೆ ಇದ್ದರು. ದೊಡ್ಡ ಕಚೇರಿಗಳನ್ನು ಕಟ್ಟುವ ಶಕ್ತಿಯಿಲ್ಲದ ಆ ಸರ್ಕಾರ ಕಂಪ್ಯೂಟರನ್ನು ನಂಬಿತು. 1996ರಿಂದ ಶಾಲೆಗಳಿಗೆ ಕಂಪ್ಯೂಟರು ಬಂದವು. 2002ರಲ್ಲಿ ಪ್ರಜೆಗಳಿಗೆ ಗುರುತಿನ ಕಾರ್ಡು ಬಂದಿತು. ಅದನ್ನು ಕಂಪ್ಯೂಟರಿಗೆ ಸೇರಿಸಿ ಹಾಕುವ ಸಹಿಗೆ ಕೈಸಹಿಯಷ್ಟೇ ಬೆಲೆ. 2005ರಿಂದ ಮತದಾನವೂ ಇಂಟರ್‌ನೆಟ್ಟಿನಲ್ಲಿ. ಎಲ್ಲವೂ ನಿರ್ವಿಘ್ನವಾಗಿ ನಡೆಯಿತೆಂದಲ್ಲ: 2017ರಲ್ಲಿ ಕಾರ್ಡಿನ ಚಿಪ್ಪಿನಲ್ಲಿ ದೋಷ ಕಂಡು ಏಳೂವರೆ ಲಕ್ಷಕ್ಕೂ ಹೆಚ್ಚು ಕಾರ್ಡುಗಳ ಪ್ರಮಾಣಪತ್ರಗಳನ್ನು ತಡೆಹಿಡಿಯಬೇಕಾಯಿತು. ಸರ್ಕಾರಿ ದಾಖಲೆಗಳ ಒಂದು ಪ್ರತಿಯನ್ನು ಲಕ್ಸೆಂಬರ್ಗಿನಲ್ಲಿ, ರಾಯಭಾರ ಕಚೇರಿಗೆ ಸಮನಾದ ರಕ್ಷಣೆಯೊಡನೆ ಇರಿಸಿದ್ದಾರೆ. ನೆಲವನ್ನು ಯಾರಾದರೂ ಮತ್ತೆ ಆಕ್ರಮಿಸಿದರೂ ಯಾರ ಹೊಲ ಯಾರದೆಂಬ ಖಾತೆ ಪುಸ್ತಕ ಅಳಿಯದಿರಲೆಂಬ ಮುಂದಾಲೋಚನೆ. ಇದನ್ನು ಕೇಳಿದಾಗ ನಮ್ಮ ಮನಸ್ಸು ಆರ್ದ್ರವಾಯಿತು.

ಈ ಬೆಳವಣಿಗೆಯ ಮುಂದಿನ ಹೆಜ್ಜೆಯಾಗಿ 2014ರ ಡಿಸೆಂಬರಿನಲ್ಲಿ ಪರದೇಶಿಗಳಿಗೂ ಅಂತಹ ಕಾರ್ಡು ಕೊಡಲಾರಂಭಿಸಿದರು. ಅದೇ ಇ-ರೆಸಿಡೆನ್ಸಿ. ಈವರೆಗೆ ಒಂದು ಲಕ್ಷಕ್ಕೂ ಮಿಗಿಲು ಜನ ಪಡೆದಿದ್ದಾರೆ. ಅರ್ಜಿಯನ್ನು ಮನೆಯಿಂದಲೇ ಹಾಕಿ, ಹೊಸದೆಹಲಿಯ ಎಸ್ತೋನಿಯಾ ರಾಯಭಾರ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ಕಾರ್ಡು ಪಡೆಯಬಹುದು. ಅದರಿಂದ ಎಸ್ತೋನಿಯಾದಲ್ಲಿ ಕಂಪನಿ ನೋಂದಾಯಿಸಬಹುದು, ದಾಖಲೆಗಳಿಗೆ ಸಹಿ ಹಾಕಬಹುದು, ಯುರೋಪಿನ ಗಿರಾಕಿಗಳಿಗೆ ಯುರೋಪಿನ ಕಂಪನಿಯಾಗಿ ಬಿಲ್ಲು ಕಳಿಸಬಹುದು. ಲಾಭವನ್ನು ಕಂಪನಿಯಲ್ಲೇ ಉಳಿಸಿದರೆ ಅಲ್ಲಿ ತೆರಿಗೆಯಿಲ್ಲ; ಹಂಚಿಕೊಂಡಾಗ ಮಾತ್ರ, 2025ರಿಂದ ಶೇಕಡ 22. ಆದರೆ ಆ ಕಾರ್ಡಿನಿಂದ ಆ ನಾಡಿನ ನೆಲದ ಮೇಲೆ ಒಂದು ರಾತ್ರಿ ಮಲಗುವ ಹಕ್ಕೂ ಬರುವುದಿಲ್ಲ. ನಮ್ಮ ಆಧಾರ್ ಸಂಖ್ಯೆ ಗುರುತಿಗೆ ಪ್ರಮಾಣವೇ ಹೊರತು ಪೌರತ್ವಕ್ಕೆ ಪ್ರಮಾಣವಲ್ಲ ಎಂಬುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಹೆಸರಿನಲ್ಲಿ 'ರೆಸಿಡೆನ್ಸಿ' ಎಂದಿರುವುದೇ ಎಲ್ಲ ಅನರ್ಥಕ್ಕೆ ಮೂಲ. ಹೆಸರಿಟ್ಟವರು ಸ್ವಲ್ಪ ಯೋಚಿಸಬೇಕಾಗಿತ್ತು.

ಮನೆಯೊಳಗೆ ಪ್ರವೇಶ ಕೊಡುವ ಬಾಗಿಲು ಬೇರೆ. ಅದು 2020ರ ಆಗಸ್ಟ್ 1ರಿಂದ ಜಾರಿಗೆ ಬಂದ ಡಿಜಿಟಲ್ ನೋಮಾಡ್ ವೀಸಾ. ನೋಮಾಡ್ ಎಂದರೆ ಅಲೆಮಾರಿ. ಕುರಿಮಂದೆಯ ಬದಲು ಕಂಪ್ಯೂಟರು ಹೊತ್ತು ತಿರುಗುವವನು. ಪರದೇಶದ ಕಂಪನಿಯ ನೌಕರನಾಗಿದ್ದು ಎಲ್ಲಿಂದಲಾದರೂ ಕೆಲಸ ಮಾಡಬಲ್ಲವನು, ಪರದೇಶದಲ್ಲಿ ನೋಂದಾಯಿತ ಸ್ವಂತ ಕಂಪನಿಯ ಪಾಲುದಾರ, ಬಹುಪಾಲು ಪರದೇಶದ ಗಿರಾಕಿಗಳಿಗೇ ದುಡಿಯುವ ಸ್ವತಂತ್ರ ಉದ್ಯೋಗಿ, ಈ ಮೂವರಲ್ಲಿ ಒಬ್ಬನಾಗಿರಬೇಕು. ಅರ್ಜಿಗೆ ಹಿಂದಿನ ಆರು ತಿಂಗಳು ತಿಂಗಳಿಗೆ ಇಷ್ಟು ಆದಾಯವಿತ್ತೆಂದು ಬ್ಯಾಂಕಿನ ಲೆಕ್ಕ, ಕರಾರು ಪತ್ರಗಳ ಮೂಲಕ ತೋರಿಸಬೇಕು. ಆ ಮಿತಿ ಆರಂಭದಲ್ಲಿ 3,504 ಯೂರೋ ಇತ್ತು; ನಾವು ಹೋದಾಗ 4,500 ಯೂರೋ ಆಗಿತ್ತು. ನಮ್ಮ ಹಣದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿಗೂ ಮಿಗಿಲು, ಅದೂ ಪ್ರತಿ ತಿಂಗಳು. ಫೋನಿನಲ್ಲಿ ಮಾತಾಡಿದ ಹಿರಿಯರ ಮಗನ ದುಡಿಮೆ ಇದರ ನಾಲ್ಕನೆಯ ಒಂದು ಭಾಗವೂ ಇರಲಿಲ್ಲ. ಹೊಲ ಮಾರಿದ ಹಣವನ್ನು ಬ್ಯಾಂಕಿನಲ್ಲಿ ತೋರಿಸಿದರೆ ಆಗದು. ಕೇಳುವುದು ಕೂಡಿಟ್ಟ ಗಂಟನ್ನಲ್ಲ, ದುಡಿಮೆಯ ಹರಿವನ್ನು. ಇದರ ಜೊತೆಗೆ 30,000 ಯೂರೋಗೆ ಕಡಿಮೆಯಿಲ್ಲದ ಆರೋಗ್ಯ ವಿಮೆಯೂ ಬೇಕು. ಹೆಂಡತಿ ಮಕ್ಕಳಿಗೂ ಇದರ ಆಧಾರದ ಮೇಲೆ ವೀಸಾ ಕೇಳಬಹುದು.

ಅವಧಿ ಒಂದು ವರ್ಷ. ದೀರ್ಘಾವಧಿ ವೀಸಾದ ಸಾಮಾನ್ಯ ನಿಯಮದಂತೆ ಎರಡು ವರ್ಷಗಳಲ್ಲಿ ಒಟ್ಟು 548 ದಿನ ಮೀರುವಂತಿಲ್ಲ. ಷೆಂಗೆನ್ ಒಕ್ಕೂಟದ ಇತರ ದೇಶಗಳಲ್ಲಿ 180 ದಿನಕ್ಕೆ 90 ದಿನ ತಿರುಗಾಡಲು ಅವಕಾಶವುಂಟು. ಆದರೆ ಇದು ವಾಸದ ಪರವಾನಗಿಯಲ್ಲ, ಅತಿಥಿ ವೀಸಾ. ಇಲ್ಲಿ ಕಳೆದ ದಿನಗಳು ಮುಂದೆ ಶಾಶ್ವತ ನೆಲೆಗೆ ಮೆಟ್ಟಿಲಾಗುವುದಿಲ್ಲ. ಅಲ್ಲಿನ ಪೌರತ್ವಕ್ಕೆ ಎಂಟು ವರ್ಷದ ವಾಸ, ಆ ಹದಿನಾಲ್ಕು ವಿಭಕ್ತಿಗಳ ಭಾಷೆಯಲ್ಲಿ ಪರೀಕ್ಷೆ, ಹಳೆಯ ಪೌರತ್ವದ ತ್ಯಾಗ, ಇಷ್ಟೂ ಬೇಕು.

ತೆರಿಗೆಯ ಮಾತನ್ನು ದಲ್ಲಾಳಿಗಳು ಎತ್ತುವುದೇ ಇಲ್ಲ. ಹನ್ನೆರಡು ತಿಂಗಳಲ್ಲಿ 183 ದಿನ ಎಸ್ತೋನಿಯಾದಲ್ಲಿ ಕಳೆದವನು ಅಲ್ಲಿನ ತೆರಿಗೆದಾರನಾಗುತ್ತಾನೆ. ನಮ್ಮ ದೇಶದಲ್ಲಿ ಹಣಕಾಸು ವರ್ಷದ 182 ದಿನ ಇದ್ದವನು ಇಲ್ಲಿನ ನಿವಾಸಿ. ಸಾಮಾನ್ಯ ನಿವಾಸಿಯಾದವನು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದರೂ ಇಲ್ಲಿ ಲೆಕ್ಕ ಕೊಡಬೇಕು. ಒಂದೇ ಆದಾಯಕ್ಕೆ ಎರಡು ತೆರಿಗೆ ಬೀಳದಂತೆ ಎರಡು ದೇಶಗಳ ನಡುವೆ 2011ರಲ್ಲಿ ಒಪ್ಪಂದವಾಗಿದೆ. ಆದರೆ ಇ-ರೆಸಿಡೆನ್ಸಿಯಿಂದ ಅಲ್ಲಿ ಕಂಪನಿ ತೆರೆದು, ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಕುಳಿತು ನಡೆಸುವವನು ಆ ಕಂಪನಿಯ ಷೇರನ್ನೂ ಪರದೇಶದ ಖಾತೆಯನ್ನೂ ತನ್ನ ಆದಾಯ ತೆರಿಗೆಯ ರಿಟರ್ನಿನಲ್ಲಿ ತೋರಿಸಬೇಕು. ಪರದೇಶದಲ್ಲಿ ಬಂಡವಾಳ ಹೂಡುವ ನಿಯಮಗಳನ್ನೂ ಪಾಲಿಸಬೇಕು. ಮುಚ್ಚಿಟ್ಟವರಿಗೆ 2015ರ ಕಪ್ಪುಹಣದ ಕಾಯಿದೆಯಲ್ಲಿ ಭಾರಿ ದಂಡವಿದೆ. ದಲ್ಲಾಳಿಗೆ ಕೊಡುವ ಹಣದ ಒಂದಂಶವನ್ನು ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟರಿಗೆ ಕೊಟ್ಟರೆ ನಿದ್ರೆ ಚೆನ್ನಾಗಿ ಬಂದೀತು.

ನಮ್ಮ ಆತಿಥೇಯ ಯುವಕ 2024ರ ಅಕ್ಟೋಬರಿನಲ್ಲಿ ಈ ವೀಸಾದ ಮೇಲೆ ಬಂದವನು. ನಾವು ಹೋದಾಗ ಅವನಿಗೆ ನಾಲ್ಕೇ ತಿಂಗಳು ಉಳಿದಿತ್ತು. ಊರು ಅವನಿಗೆ ಒಗ್ಗಿತ್ತು. ಚಳಿಗಾಲದಲ್ಲಿ ಆರು ಗಂಟೆ ಮಾತ್ರ ಬೆಳಕಿದ್ದ ದಿನಗಳನ್ನು ಒಬ್ಬನೇ ದಾಟಿದ್ದನು. ನೆರೆಮನೆಯ ಮುದುಕಿ ಇವನಿಗೆ ರೊಟ್ಟಿ ಸುಡಲು ಕಲಿಸಿದ್ದಳು. ಉಳಿಯಲು ಇದ್ದ ದಾರಿಗಳನ್ನು ರಾತ್ರಿ ಊಟವಾದ ಮೇಲೆ ನಮ್ಮ ಮುಂದೆ ಬಿಡಿಸಿ ಹೇಳುತ್ತಿದ್ದನು. ಉದ್ಯಮಿಗೆ ಕೊಡುವ ವಾಸದ ಪರವಾನಗಿಗೆ ಕಂಪನಿಯಲ್ಲಿ 65,000 ಯೂರೋ ಹೂಡಬೇಕು. ಒಂಟಿ ವ್ಯಾಪಾರಿಯಾದರೆ 16,000 ಯೂರೋ ಸಾಕು. ಆದರೆ ಇಂತಹ ಪರವಾನಗಿಗಳು ವರ್ಷಕ್ಕೆ ಜನಸಂಖ್ಯೆಯ ಶೇಕಡ 0.1ನ್ನು ಮೀರದ ಮಿತಿಯೊಳಗೆ ಬರುತ್ತವೆ, ಎಂದರೆ ಸುಮಾರು 1,300. 2017ರಿಂದ ಇರುವ ಸ್ಟಾರ್ಟಪ್ ವೀಸಾಕ್ಕೆ ಈ ಮಿತಿಯೂ ಇಲ್ಲ, ಹೂಡಿಕೆಯ ಷರತ್ತೂ ಇಲ್ಲ. ಅದಕ್ಕೆ ಬದಲಾಗಿ, ಉದ್ಯಮ ಹೊಸ ಬಗೆಯದು, ಬೇಗ ಬೆಳೆಯಬಲ್ಲದು ಎಂದು ತಜ್ಞರ ಸಮಿತಿ ಒಪ್ಪಬೇಕು. ಅವನು ಅದಕ್ಕೆ ಅರ್ಜಿ ಹಾಕಿದ್ದನು.

"ಒಪ್ಪದಿದ್ದರೆ?" ಎಂದು ಕೇಳಿದೆವು.

"ಗಂಟು ಕಟ್ಟೂದ್ರಿ ಗುರುಗಳ," ಎಂದು ನಕ್ಕನು. ಆ ನಗುವಿನಲ್ಲಿ ಸುಖವಿರಲಿಲ್ಲ.

ಇತರ ದೇಶಗಳ ಬಾಗಿಲುಗಳನ್ನೂ ಅವನು ಅಳೆದು ನೋಡಿದ್ದನು. ಪೋರ್ಚುಗಲ್ 2022ರ ಅಕ್ಟೋಬರಿನಿಂದ ಇಂತಹ ವೀಸಾ ಕೊಡುತ್ತಿದೆ. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯವಿರಬೇಕು. 2025ರಲ್ಲಿ ಅದು 3,480 ಯೂರೋ. ನಾಲ್ಕು ತಿಂಗಳ ವೀಸಾದ ಮೇಲೆ ಹೋಗಿ ಅಲ್ಲಿ ಎರಡು ವರ್ಷದ ವಾಸದ ಪರವಾನಗಿ ಪಡೆಯುವ ಕ್ರಮ. ಇದು ನಿಜವಾದ ವಾಸವೆಂದು ಎಣಿಕೆಯಾಗುತ್ತದೆಂಬುದೇ ಎಸ್ತೋನಿಯಾಕ್ಕೂ ಅದಕ್ಕೂ ಇರುವ ಮುಖ್ಯ ಭೇದ. ಪೌರತ್ವದ ನಿಯಮಗಳನ್ನು ಮಾತ್ರ ಬಿಗಿಗೊಳಿಸಲು ಅಲ್ಲಿನ ಸಂಸತ್ತು 2025ರಲ್ಲಿ ಮುಂದಾಯಿತು. ಥೈಲೆಂಡ್ 2024ರಲ್ಲಿ ತಂದ ವೀಸಾ ಐದು ವರ್ಷದ್ದು, ಒಂದು ಸಲಕ್ಕೆ 180 ದಿನ. ಅಲ್ಲಿ ಐದು ಲಕ್ಷ ಬಾಟ್ ಉಳಿತಾಯ ತೋರಿಸಿದರೆ ಸಾಕಾಗುತ್ತದೆ. ಜಪಾನು ಅದೇ ವರ್ಷ ತಂದ ಆರು ತಿಂಗಳ ವ್ಯವಸ್ಥೆಯಲ್ಲಿ ಭಾರತೀಯರಿಗೆ ಸ್ಥಾನವಿಲ್ಲ. ಅಮೆರಿಕದಲ್ಲಿ ಇಂತಹ ವೀಸಾವೇ ಇಲ್ಲ.

ಜೂನ್ 23ರ ರಾತ್ರಿ ಅಲ್ಲಿ ಯಾನಿ ಹಬ್ಬ. ಸೂರ್ಯ ಮುಳುಗಿದುದು ಹತ್ತೂವರೆ ದಾಟಿದ ಮೇಲೆ. ಆಮೇಲೂ ಆಕಾಶ ಕಪ್ಪಾಗಲಿಲ್ಲ. ಊರೂರಲ್ಲಿ ಬೆಂಕಿ ಹಾಕಿ ಸುತ್ತ ಕುಳಿತು ಹಾಡುತ್ತಾರೆ. ನಮ್ಮ ಕಾಮದಹನವನ್ನು ನೋಡಿದವರಿಗೆ ಬೆಂಕಿ ಹೊಸದಲ್ಲ, ಹಾಡು ಹೊಸದು. ಈ ಜನ ಹಾಡಿಯೇ ಸ್ವಾತಂತ್ರ್ಯ ಪಡೆದವರು. 1869ರಲ್ಲಿ ತಾರ್ತುವಿನಲ್ಲಿ ಆರಂಭವಾದ ಗಾಯನೋತ್ಸವ ಈಗ ಐದು ವರ್ಷಕ್ಕೊಮ್ಮೆ ತಾಲಿನ್‌ನಲ್ಲಿ ನಡೆಯುತ್ತದೆ. 1988ರಲ್ಲಿ ಅದೇ ಬಯಲಿನಲ್ಲಿ ಲಕ್ಷಾಂತರ ಜನ ಕೂಡಿ, ನಿಷಿದ್ಧವಾಗಿದ್ದ ನಾಡಗೀತೆಗಳನ್ನು ಹಾಡಿದರು. ಮರುವರ್ಷ ಆಗಸ್ಟ್ 23ರಂದು ತಾಲಿನ್‌ನಿಂದ ಲಿಥುವೇನಿಯದ ವಿಲ್ನಿಯಸ್‌ವರೆಗೆ ಆರುನೂರು ಕಿಲೋಮೀಟರಿಗೂ ಉದ್ದಕ್ಕೆ ಮೂರು ನಾಡುಗಳ ಜನ ಕೈ ಕೈ ಹಿಡಿದು ನಿಂತರು. ನಾವು ಹೊರಡುವ ಮುನ್ನಾದಿನ ಆ ಬಯಲಿಗೆ ಹೋಗಿದ್ದೆವು. ಜುಲೈ ಮೊದಲ ವಾರದ ಉತ್ಸವಕ್ಕೆ ಸಿದ್ಧತೆ ನಡೆದಿತ್ತು. ದೊಡ್ಡ ಕಮಾನಿನ ಕೆಳಗೆ ಯುವಕ ಬಹಳ ಹೊತ್ತು ಸುಮ್ಮನೆ ನಿಂತಿದ್ದನು.

ಸಮಿತಿ ಅವನ ಅರ್ಜಿಯನ್ನು ಒಪ್ಪಲಿಲ್ಲ. ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದು ಸೇವೆಯೇ ಹೊರತು ಹೊಸ ಉದ್ಯಮವಲ್ಲವೆಂಬುದು ಅವರ ಅಭಿಪ್ರಾಯ. ನಿಯಮ ನೋಡಿದರೆ ತಪ್ಪೆನ್ನಲಾಗದು. ದಸರೆಯ ಹೊತ್ತಿಗೆ ಅವನು ಊರಿಗೆ ಮರಳಿದನು. ಇ-ರೆಸಿಡೆನ್ಸಿಯ ಕಂಪನಿಯನ್ನು ಇಟ್ಟುಕೊಂಡು ತಾಯಿಯ ಮನೆಯ ಅಟ್ಟದ ಕೋಣೆಯಿಂದ ಕೆಲಸ ಮಾಡುತ್ತಿದ್ದಾನೆ. ಇಲ್ಲಿನ ತೆರಿಗೆಯನ್ನು ಕಟ್ಟುತ್ತಿದ್ದಾನೆ. ವೆಬ್‌ಸೈಟ್ ಮಾಡುವ ಆ ನೆಂಟರ ಹುಡುಗ ಈಗ ಅವನ ಕೈಕೆಳಗೆ ಕಲಿಯುತ್ತಿದ್ದಾನೆ, ಹೊಲದಲ್ಲಿ ಈ ಸಲ ಕಡಲೆ ಬಿತ್ತಿದ್ದರು. ಯುವಕ ಪೋರ್ಚುಗಲ್ಲಿನ ಕಾಗದಪತ್ರಗಳನ್ನು ಹೊಂದಿಸತೊಡಗಿದ್ದಾನೆ. ಅವನ ತಾಯಿ ಒಂದೆರಡು ತಿಂಗಳ ಮಟ್ಟಿಗಾದರೂ ಹೋಗಿ ಮಗನ ಮನೆ ನೋಡಿ ಬರುವುದಾಗಿ ಹೇಳಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾರೆ. ಪೊಲೀಸ್ ವಿಚಾರಣೆ ಮುಗಿದಿದೆ. ಪುಸ್ತಕ ಅಂಚೆಯಲ್ಲಿ ಬರುವುದಷ್ಟೇ ಬಾಕಿ.